ಮೂವರಿಗೂ ಒಬ್ಬರೇ ಅಣ್ಣ

ಸಾವಿನ ಮುಂದೆ ಎಲ್ಲರೂ ಸಮಾನರು. ಆದರೆ ದೋಹಾದ ನಮ್ಮ ಕಚೇರಿಯಲ್ಲಿ ಅದಕ್ಕೂ ಫಾರ್ಮ್ ತುಂಬಬೇಕು. ಕಳೆದ ತಿಂಗಳು ಮೂವರು ಫಿಲಿಪಿನೋ ಡ್ರಾಫ್ಟ್ಸ್‌ಮನ್‌ಗಳ ರಜೆ ಅರ್ಜಿ ಒಟ್ಟಿಗೇ ನನ್ನ ಮೇಜಿಗೆ ಬಂತು. 'ಮೃತರು ನಿಮಗೆ ಏನಾಗಬೇಕು' ಎಂಬಲ್ಲಿ ಮೂವರೂ 'ಅಣ್ಣ' ಎಂದು ಬರೆದಿದ್ದರು. ಮೃತರ ಹೆಸರೂ ಒಂದೇ.

"ಎಂತ ಮಾರಾಯ್ರೆ, ಮೂವರಿಗೂ ಒಬ್ಬನೇ ಅಣ್ಣನಾ? ಸುಳ್ಳು ಅರ್ಜಿಗೆ ವಾರ್ನಿಂಗ್ ಲೆಟರ್ ಟೈಪ್ ಮಾಡಿ, ಖಲಾಸ್," ಎಂದರು ಉಡುಪಿಯವರಾದ ಮ್ಯಾನೇಜರ್ ಡಿಸೋಜಾ.

ಮೂವರನ್ನೂ ಕರೆದು ವಿಚಾರಿಸಿದೆ. ತೀರಿಕೊಂಡವರು ಅವರ ದೇಶದ ರಾಕ್ ಗಿಟಾರ್ ವಾದಕರು. ಇವರು ಅವರನ್ನು ಕಂಡದ್ದೇ ಇಲ್ಲ.

"ಅವರ ಕ್ಯಾಸೆಟ್ ಕೇಳಿಯೇ ನಾವು ಗಿಟಾರ್ ಕಲಿತದ್ದು ಸರ್. ದೊಡ್ಡವರಿಗೆ ನಮ್ಮಲ್ಲಿ 'ಕುಯಾ' ಅನ್ನುವುದು. ಅಂದರೆ ಅಣ್ಣ," ಎಂದು ಮೂವರಲ್ಲಿ ಹಿರಿಯವ ಕಣ್ಣೊರೆಸಿಕೊಂಡ. ಒಂದು ದಿನ ಬಿನ್ ಮಹಮೂದ್ ಬಡಾವಣೆಯ ತಮ್ಮ ರೂಮಿನಲ್ಲಿ ಕೂತು ಅವರ ಹಾಡುಗಳನ್ನು ನುಡಿಸಬೇಕಂತೆ.

ಈ ಬಂಧುತ್ವವನ್ನು ನಾನು ಡಿಸೋಜಾರಿಗೆ ಸಕಲ ಗಾಂಭೀರ್ಯದಿಂದ ವಿವರಿಸಿದೆ. "ನಮ್ಮೂರಲ್ಲೂ ಹಾಗೇ ಅಲ್ವಾ ಸರ್, ಕಂಡವರೆಲ್ಲ ಅಣ್ಣನೇ."

ಅವರು ಕನ್ನಡಕ ತೆಗೆದರು. "ಹಾಗಾದ್ರೆ ಹೋದ ವರ್ಷ ಅಣ್ಣ ತೀರಿಹೋದರು ಅಂತ ನೀವು ಊರಿಗೆ ಹೋದದ್ದು?"

"ಪಕ್ಕದ ಮನೆಯ ಶೀನಣ್ಣ, ಸರ್."

ಮೂವರಿಗೂ ಒಂದು ದಿನದ ರಜೆ ಸಿಕ್ಕಿತು. ವಾರ್ನಿಂಗ್ ಲೆಟರ್ ನನಗೆ ಬಂತು. ಟೈಪ್ ಮಾಡಿದ್ದೂ ನಾನೇ.