ನನ್ನ ಮಾತಿನಿಂದ ತವರಿಗೆ ಹೋದ ಸೊಸೆ

ಎಪ್ಪತ್ತರ ದಶಕದ ಕೊನೆಯಲ್ಲಿ ಮಿಡಿಗೇಶಿ ಸುತ್ತಿನ ಹಳ್ಳಿಗಳಿಗೆ ನಾನೇ ನರ್ಸಮ್ಮ. ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ತರಬೇತಿಯಲ್ಲಿ ಒಂದು ಗಂಟೆ ಪಾಠ ಕೇಳಿದ್ದೆ. ಪರೀಕ್ಷೆ ಮುಗಿಯುತ್ತಲೇ ಮರೆತಿದ್ದೆ.

ಕುರಿ ಸಾಕುವ ಮನೆಯೊಂದರ ಒಂಬತ್ತು ತಿಂಗಳ ಗಂಡುಕೂಸಿಗೆ ತೊಡೆಗೆ ಚುಚ್ಚುಮದ್ದು ಕೊಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ ಅದರ ಅಪ್ಪ ಸೈಕಲ್ ತುಳಿದುಕೊಂಡು ಬಂದ.

"ಏನು ಚುಚ್ಬುಟ್ರಿ ನರ್ಸಮ್ಮ? ಕೂಸಿನ ತೊಡೆ ಕುಂಬಳಕಾಯಿ ಆದಂಗೆ ಆಗೈತೆ!"

ಓಡಿದೆ. ತೊಡೆ ನೀಲಿಗಟ್ಟಿ ಊದಿತ್ತು. ನನ್ನ ಸೂಜಿಯದೇ ತಪ್ಪೆಂದುಕೊಂಡೆ. ಆಗ ಕೂಸಿನ ತಾಯಿ ನನ್ನ ಕಿವಿಯಲ್ಲಿ ಹೇಳಿದಳು: "ನಮ್ಮಣ್ಣನಿಗೂ ಹಿಂಗೇ ಆಗ್ತಿತ್ತು ಕಣಮ್ಮ. ಹಲ್ಲು ಬಿದ್ದಾಗ ರಕ್ತ ನಿಲ್ಲದೇನೇ ಹೋಗ್ಬುಟ್ಟ."

ಅಂದೇ ಅವರನ್ನು ಮಧುಗಿರಿಗೆ ಕರೆದೊಯ್ದೆ. ಡಾಕ್ಟರು ಎಲ್ಲ ಕೇಳಿ ಬೆಂಗಳೂರಿಗೆ ಕಳಿಸಿದರು. ಊತ ಇಳಿಯಿತು, ಪರೀಕ್ಷೆಯ ಉತ್ತರವೂ ಬಂತು. ಕೂಸಿನ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ತಾಯಿಯ ಕಡೆಯಿಂದ ಬಂದದ್ದು. ಹೊಸದೊಂದು ಕಲಿತ ಹೆಮ್ಮೆಯಲ್ಲಿ ನೇರ ಅವರ ಮನೆಯಂಗಳಕ್ಕೆ ಹೋಗಿ, ಅತ್ತೆ, ನೆರೆಹೊರೆಯವರೆಲ್ಲರ ಮುಂದೆ ಅದನ್ನೇ ಹೇಳಿಬಿಟ್ಟೆ.

"ಅಂಗಾದ್ರೆ ಈ ರೋಗ ತಂದೋಳು ಇವಳೇಯಾ?" ಎಂದಳು ಅತ್ತೆ.

ಮುಂದಿನ ವಾರ ಹೋದಾಗ ಸೊಸೆ ಇರಲಿಲ್ಲ. ಕೂಸಿನ ಸಮೇತ ಬರಗೂರಿನ ತವರಿಗೆ ಅಟ್ಟಿದ್ದರು.

ನನ್ನ ಜೊತೆಯ ಆರೋಗ್ಯ ಕಾರ್ಯಕರ್ತ ಇದನ್ನು ಕೇಳಿ, "ನೀವು ನಿಜಾನೇ ಹೇಳಿದ್ರಲ್ಲ ಸಿಸ್ಟರ್. ಅಂಥೋರು ಮಕ್ಕಳನ್ನ ಹೆರಲೇಬಾರದು" ಎಂದ. ಬಿಳಿ ಬಟ್ಟೆ ತೊಟ್ಟ ನಮಗೂ ಆ ಅತ್ತೆಗೂ ಏನು ವ್ಯತ್ಯಾಸವೆಂದು ಅವತ್ತು ನಾಚಿಕೆಯಾಯಿತು. ಮತ್ತೆ ಡಾಕ್ಟರ ಬಳಿ ಹೋಗಿ, ಅರ್ಥವಾಗುವ ತನಕ ಬಿಡದೆ ಕೇಳಿದೆ. ಅಲ್ಲಿಂದ ಸೀದಾ ಅತ್ತೆಯ ಜಗಲಿಗೆ ಬಂದು ಕೂತೆ. ಮಗನೂ ಇದ್ದ.

"ನಿಮ್ಮ ಉಬ್ಬುಹಲ್ಲು ಮಗನಿಗೂ ಬಂದೈತಲ್ಲಮ್ಮ, ಬೇಕು ಅಂತ ಕೊಟ್ರಾ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗ ಫಕ್ಕನೆ ನಕ್ಕ.

"ಅವಳೂ ಬೇಕು ಅಂತ ಕೊಡ್ಲಿಲ್ಲ. ನಾಲ್ಕು ಜನದ ಮುಂದೆ ಅಂಗೆ ಹೇಳಿದ್ದು ನನ್ನ ತಪ್ಪು."

"ಮುಂದೆ ಹುಟ್ಟೋವಕ್ಕೂ ಬಂದ್ರೆ?" ಎಂದಳು ಅತ್ತೆ.

"ಬರಬಹುದು, ಬರದೇನೂ ಇರಬಹುದು. ಸುಳ್ಳು ಹೇಳಲ್ಲ. ಬಂದ್ರೂ ಹೆಂಗೆ ನೋಡ್ಕೋಬೇಕು ಅಂತ ನಾನು ಕಲಿಸ್ತೀನಿ."

ಅವಳು ಜಗಿಯುತ್ತಿದ್ದ ಎಲೆಅಡಿಕೆ ಉಗಿದಳು. ಮಗನತ್ತ ತಿರುಗಿ, "ಲೇ, ಸುಮ್ನೆ ಯಾಕ್ ಕುಂತಿದ್ದೀಯ? ಮೊದಲ್ನೇ ಬಸ್ಸಿಗೆ ಹೋಗಿ ಕರ್ಕೊಂಡ್ ಬಾ" ಎಂದಳು.

ಸೊಸೆ ಬಂದ ಮೇಲೆ ಮೂವರಿಗೂ ಒಟ್ಟಿಗೆ ಹೇಳಿಕೊಟ್ಟೆ: ಗಾಯವಾದರೆ ಒತ್ತಿ ಹಿಡಿಯಿರಿ, ಊದಿದರೆ ತಣ್ಣೀರಿನ ಬಟ್ಟೆ ಇಟ್ಟು ಆಸ್ಪತ್ರೆಗೆ ತನ್ನಿ, ಕಿವಿ ಚುಚ್ಚಿಸಬೇಡಿ. ಅಂಬೆಗಾಲಿಡುವ ಮೊಮ್ಮಗನ ಉದ್ದ ಚಡ್ಡಿಯ ಮಂಡಿಗೆ ಅಜ್ಜಿಯೇ ಕಂಬಳಿಯ ತುಂಡು ಹೊಲಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಹುಡುಗ ಆಗಾಗ ನೋವುಂಡರೂ ಬೆಳೆದ, ಶಾಲೆಗೆ ಸೇರಿದ. ಕೆಲವು ವರ್ಷಗಳ ನಂತರ ಅವನ ತಾಯಿಯ ತಂಗಿ, ಮೂರು ತಿಂಗಳ ಬಸುರಿ, ಬರಗೂರಿನಿಂದ ಬಸ್ಸು ಬದಲಿಸಿ ನನ್ನ ಹುಡುಕಿಕೊಂಡು ಬಂದಳು.

"ಅಕ್ಕ ಕಳಿಸಿದ್ಲು" ಎಂದಳು.

ಒಳಗೆ ಕೂರಿಸಿ ಬಾಗಿಲು ಮುಚ್ಚಿದೆ. ಜೊತೆಗೆ ಬಂದಿದ್ದ ಗಂಡ ಹೊರಗೆ ನಿಂತಿದ್ದ. "ಅವರಿಗೂ ಹೇಳಲಾ, ನಿನಗೊಬ್ಬಳಿಗೇ ಹೇಳಲಾ?" ಎಂದು ಕೇಳಿದೆ. ಅವಳು ತಾನೇ ಎದ್ದುಹೋಗಿ ಅವನನ್ನು ಒಳಗೆ ಕರೆದಳು.