ತಳದ ಎಲೆ ಸುಲಿದವನು

ಅಣ್ಣ ಸತ್ತ ವರ್ಷವೇ ಅವ್ವ ಪಾಲು ಮಾಡಿಸಿದಳು. ಕಾಲುವೆಗೆ ಅಂಟಿದ ಮೇಲಿನ ಗದ್ದೆ ನನಗೆ, ಅದರ ಕೆಳಗಿನ ಚೌಳು ತುಂಡು ಅತ್ತಿಗೆಗೆ. "ಒಂಟಿ ಎಂಗ್ಸು, ಮಕ್ಳೂ ಇಲ್ಲ, ಅವಳಿಗ್ಯಾಕ್ರಪ್ಪ ಮೇಲ್ಗದ್ದೆ?" ಎಂದು ಪಂಚಾಯಿತಿಯವರ ಮುಂದೆ ಕಣ್ಣೊರೆಸಿಕೊಂಡಳು. ನಾನು ಒಗ್ಗರಣೆ ಹಾಕಿದೆ: "ನಮ್ ನೀರೆಲ್ಲ ಬಸ್ದು ಅಲ್ಲಿಗೇ ಓಯ್ತದಲ್ಲ, ಅತ್ಗೆಗೆ ನೀರಿನ ಚಿಂತೇನೇ ಇರಕಿಲ್ಲ." ಸುಳ್ಳೇನಲ್ಲ. ನನ್ನ ಕಬ್ಬಿಗೆ ಹೆಚ್ಚಾದ ನೀರು ಬಸಿಗಾಲುವೆಯಲ್ಲಿ ಇಳಿದು ಅವಳ ಗದ್ದೆಯಲ್ಲಿ ನಿಲ್ಲುತ್ತಿತ್ತು. ಆರಿದಾಗ ಉಪ್ಪು ಮೇಲೆದ್ದು, ಬೂದಿ ಚೆಲ್ಲಿದ ಹಾಗೆ ನೆಲ ಬೆಳ್ಳಗಾಗುತ್ತಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹಾಗೆ ಹೇಳಿದೆ.

ಒಂಬತ್ತು ವರ್ಷ ಅತ್ತಿಗೆ ಸ್ವಂತ ಗದ್ದೆ ಇಟ್ಟುಕೊಂಡು ಪಕ್ಕದೂರು ಹೊಳಲಿನವರ ಗದ್ದೆಗಳಲ್ಲಿ ಕಳೆ ಕಿತ್ತಳು.

ಹೋದ ವರ್ಷ ಭತ್ತದ ತಳಿ ಪರೀಕ್ಷೆ ಮಾಡುವ ಮೇಡಂ ಒಬ್ಬರು ಚೌಳು ನೆಲ ಹುಡುಕಿಕೊಂಡು ಬಂದರು. ನಾನೇ ಕರೆದುಕೊಂಡು ಹೋಗಿ ಅತ್ತಿಗೆಯ ಗದ್ದೆ ತೋರಿಸಿದೆ. ಪಾಪ ಎಂದಲ್ಲ, ಮೇಡಂ ಜೊತೆ ಓಡಾಡಿದರೆ ಊರಲ್ಲಿ ನನಗೊಂದು ತೂಕ ಬರುತ್ತದೆ ಎಂದು. ಯಾವ ತಳಿ ಬದುಕುತ್ತದೋ ಅದರ ಬೀಜದಲ್ಲಿ ಅತ್ತಿಗೆಗೂ ಪಾಲು ಎಂದು ಮೇಡಂ ಮಾತು ಕೊಟ್ಟರು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಹನ್ನೆರಡು ತಳಿಯ ಪೈರನ್ನು ಹನ್ನೆರಡು ಸಾಲು ನೆಟ್ಟಳು.

ತಿಂಗಳೊಳಗೆ ಹನ್ನೊಂದು ಸಾಲು ಸುಟ್ಟುಹೋದವು. ಒಂದೇ ಒಂದು ನಿಂತಿತು. ಅತ್ತಿಗೆ ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮುಂಚೆ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. "ನನ್ ಗದ್ದೆ ಅಕ್ಕೀಲಿ ಒಂದೊತ್ತು ಉಣ್ಬೇಕು ಕಣಪ್ಪ, ಇನ್ನೇನೂ ಬ್ಯಾಡ" ಎಂದಳು.

"ಮೊದ್ಲು ತೆನೆ ಬರ್ಲಿ ಬುಡು" ಎಂದು ನಕ್ಕೆ.

ಮೇಡಂ ಆ ಸಾಲು ತೋರಿಸಲು ದೊಡ್ಡ ಸಾಹೇಬರನ್ನು ಕರೆತರುವವರಿದ್ದರು. ಪೈರಿನ ತಳದ ಎಲೆಗಳು ಒಣಗಿ ಜೋತುಬಿದ್ದಿದ್ದವು. ಕಬ್ಬು ಬೆಳೆಯುವ ಕೈ ನನ್ನದು, ಒಣಗರಿ ಕಂಡರೆ ಸುಮ್ಮನಿರುವುದಿಲ್ಲ. ಕಬ್ಬಿನ ತರಗು ಸುಲಿದ ಹಾಗೆ ಅಷ್ಟನ್ನೂ ಸುಲಿದು ಚೊಕ್ಕ ಮಾಡಿದೆ. ಅತ್ತಿಗೆಯನ್ನು ಒಂದು ಮಾತು ಕೇಳಲಿಲ್ಲ. ಅವಳನ್ನು ಕೇಳುವ ಅಭ್ಯಾಸವೇ ನಮ್ಮ ಮನೆಯಲ್ಲಿರಲಿಲ್ಲ.

ಹತ್ತು ದಿನ ಬಿಟ್ಟು ಮೇಡಂ ಬಂದಾಗ ಸುಳಿಗಳೂ ಒಣಗಿದ್ದವು. ಅವರು ಹಣೆ ಚಚ್ಚಿಕೊಂಡರು. ಆ ತಳಿಯ ಜೀನುಗಳು ಆದಷ್ಟು ಉಪ್ಪನ್ನು ಬೇರಿನಲ್ಲೇ ತಡೆಯುತ್ತವಂತೆ. ತಪ್ಪಿಸಿಕೊಂಡು ಒಳನುಗ್ಗಿದ್ದನ್ನು ತಳದ ಹಳೇ ಎಲೆಗಳಿಗೆ ತುಂಬುತ್ತವಂತೆ. ಅವು ಸಾಯುತ್ತವೆ, ಸುಳಿ ಉಳಿಯುತ್ತದೆ. "ಅವನ್ನೇ ಕಿತ್ತರೆ ಉಪ್ಪು ಎಲ್ಲಿಗೆ ಹೋಗ್ಬೇಕ್ರೀ? ಮೇಲಕ್ಕೇ ಏರುತ್ತೆ!" ಎಂದು ನನ್ನ ಮೇಲೆ ಹರಿಹಾಯ್ದರು. ಆ ತಳಿಯ ಬೀಜ ಅವರ ಬಳಿ ಇದ್ದದ್ದೇ ಒಂದು ಹಿಡಿಯಂತೆ.

ಬದುವಿನ ಮೇಲೆ ನಿಂತಿದ್ದ ಅತ್ತಿಗೆ ಎಲ್ಲಾ ಕೇಳಿಸಿಕೊಂಡಳು. ಅಳಲಿಲ್ಲ. "ತಳಕ್ಕೆ ಉಪ್ಪು ತುಂಬಿ ಸುಳಿ ಉಳ್ಸೋ ಈ ಇದ್ಯೆ ನಮ್ಮತ್ತೆಗೂ ಗೊತ್ತು ಕಣ್ರವ್ವ" ಎಂದಳು ಮೇಡಂಗೆ. ನಾನು ಅವಮಾನದಿಂದ ಸತ್ತೆ.

ಮಾರನೇ ದಿನ ಅವಳು ಮಂಕರಿಯಲ್ಲಿ ಕಲ್ಲು, ಜೇಡಿ ಹೊತ್ತು ತಂದು ನನ್ನ ಬಸಿಗಾಲುವೆಯ ಬಾಯಿ ಮುಚ್ಚಿದಳು. ನಡುವಿನ ಬದುವನ್ನು ಮೊಣಕಾಲೆತ್ತರ ಏರಿಸಿದಳು.

"ಇದೇನತ್ಗೆ! ನಮ್ ನೀರು ಎಲ್ಲಿಗೋಗ್ಬೇಕು?" ಎಂದು ಕೂಗಾಡಿದೆ.

"ಮೇಡಮ್ಮ ಯೋಳ್ಲಿಲ್ವಾ?" ಎಂದಳು, ತಲೆ ಎತ್ತದೆ.

ಈ ಬೇಸಿಗೆ ಕಬ್ಬು ಕಡಿಸಿದ ಮೇಲೆ ನೋಡುತ್ತೇನೆ, ನನ್ನ ಗದ್ದೆಯ ಕೆಳಬದುವಿನುದ್ದಕ್ಕೂ ಒಂದು ಮಾರು ಅಗಲ ನೆಲ ಬೆಳ್ಳಗಾಗಿದೆ. ಒಂದು ಚಿಟಿಕೆ ಮಣ್ಣು ತಂದು ಅವ್ವನಿಗೆ ತೋರಿಸಿದೆ.

"ಆ ಮುಂಡೆ ಮಾಟ ಮಾಡ್ಸವ್ಳೆ ಕಣ್ಲಾ" ಎಂದಳು ಅವ್ವ.

"ಮಾಟ ಅಲ್ಲ ಕಣವ್ವ, ನಮ್ದೇ ನೀರು" ಎಂದೆ.