ಗಂಟು ಹಾಕಿದ ಬೋನುಗಳು

ವಿವರಣೆಗೆ ಸಿಗದ ಘಟನೆ ಎಂದು ಯಾರಾದರೂ ಶುರು ಮಾಡಿದರೆ, ನೀವು ಸರಿಯಾಗಿ ನೋಡಿಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಕಾಡಿಲಿಗಳ ಒತ್ತಡದ ಹಾರ್ಮೋನನ್ನು ಅಳೆಯಲು ಹೈದರಾಬಾದಿಗೆ ಬಂದ ಸಂಶೋಧನಾ ವಿದ್ಯಾರ್ಥಿನಿ ನಾನು. ಅಳತೆಗೆ ಬಾರದ್ದೆಲ್ಲ ನನ್ನ ಪಾಲಿಗೆ ಕಟ್ಟುಕತೆ. ಈಗಲೂ ನಂಬಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಬರೆಯುವುದಕ್ಕೆ ಕೂತದ್ದು ಸಿಟ್ಟು ಇಳಿಯದೆ.

ಮಣಿಕೊಂಡದಾಚೆ ಅಪಾರ್ಟ್‌ಮೆಂಟುಗಳ ನಡುವೆ ಬಂಡೆ, ಕುರುಚಲು ಗಿಡಗಳ ಒಂದು ಬಯಲು ಉಳಿದಿತ್ತು. ಸಂಜೆ ತಗಡಿನ ಬೋನುಗಳಲ್ಲಿ ಶೇಂಗಾ, ಬೆಚ್ಚಗಿರಲೆಂದು ಒಂದಿಷ್ಟು ಹತ್ತಿ ಇಟ್ಟು ಬರುತ್ತಿದ್ದೆ. ಬಿಸಿಲೇರುವ ಮೊದಲೇ ಹೋಗಿ, ಸಿಕ್ಕ ಇಲಿಯನ್ನು ತೂಗಿ, ಹಿಕ್ಕೆಯನ್ನು ಸೀಸೆಗೆ ತುಂಬಿ, ಹಿಡಿದ ಜಾಗದಲ್ಲೇ ಬಿಡಬೇಕು. ರಾತ್ರಿಯಿಡೀ ಅದು ಎಷ್ಟು ಹೆದರಿತ್ತೆಂದು ಆ ಹಿಕ್ಕೆ ಹೇಳುತ್ತದೆ. ಬೋನಿಗೆ ಹೆದರದ ಇಲಿ ನನಗೆ ಸಿಕ್ಕಿರಲೇ ಇಲ್ಲ.

ಒಂದು ದಿನ ನನ್ನ ಗೈಡ್ ಫೋನ್ ಮಾಡಿ, ಇವತ್ತು ಹಿಡಿಯಬೇಡ, ನಾಳೆ ಬೋನುಗಳನ್ನೆಲ್ಲ ವಾಪಸ್ ತಂದುಬಿಡು ಎಂದರು. ಯಾಕೆ ಎಂದರೆ, ಹೇಳಿದಷ್ಟು ಮಾಡು ಎಂದರು. ಖಾಲಿ ಬೋನುಗಳ ಬಾಗಿಲು ಮುಚ್ಚಿ, ದಾರ ಸುತ್ತಿ ಗಂಟು ಹಾಕಿ, ಬಂಡೆಯ ಪಕ್ಕ ಪೇರಿಸಿ ಬಂದೆ.

ಬೆಳಿಗ್ಗೆ ಎತ್ತಿದರೆ ಮೊದಲ ಬೋನು ಭಾರವಿತ್ತು. ಇನ್ನೊಂದೂ ಹಾಗೆಯೇ. ನಾನು ಹಾಕಿದ ಗಂಟು ಹಾಕಿದಂತೆಯೇ ಇತ್ತು. ಬಿಚ್ಚಿ, ಬಾಗಿಲು ಸ್ವಲ್ಪವೇ ಸರಿಸಿ ಇಣುಕಿದೆ. ಒಂದೂ ಬಿಡದಂತೆ ಎಲ್ಲದರಲ್ಲೂ ಇಲಿಗಳು. ಒಂದರಲ್ಲಂತೂ ಇಲಿಯನ್ನು ಒತ್ತಿಕೊಂಡು ಒಂದು ಸುಂಡಿಲಿ ಕೂತಿತ್ತು. ಎದುರಾದರೆ ಕಚ್ಚಾಡುವ ಜೀವಗಳವು. ಯಾವುದೂ ಚೀರಲಿಲ್ಲ, ಕೊಸರಾಡಲಿಲ್ಲ. ಬಾಗಿಲುಗಳನ್ನು ಮತ್ತೆ ಮುಚ್ಚಿದೆ.

ಅಷ್ಟರಲ್ಲಿ ಜೆಸಿಬಿ ಬಂತು.

"ಅಕ್ಕಾರ, ಬಾಜೂಕ ಸರೀರಿ. ಇವತ್ತ ಎಲ್ಲಾ ಸಪಾಟ್ ಮಾಡಬೇಕಂತ ಹೇಳ್ಯಾರ," ಎಂದು ಡ್ರೈವರ್ ಕೂಗಿದ. ಯಾದಗಿರಿ ಕಡೆಯವನು. ಯಾರನ್ನು ಕೇಳಿ ಬಂದೆ ಎಂದು ಅವನ ಮೇಲೆ ಹರಿಹಾಯ್ದೆ.

"ನನ್ ಮ್ಯಾಲ ಯಾಕ ಸಿಟ್ಟಾಗಾಕತ್ತೀರಿ? ನಮ್ಮ ಸೂಪರ್‌ವೈಜರ್ ನಿಮ್ಮ ಸರ್‌ಗ ನಿನ್ನೇನ ಫೋನ್ ಮಾಡಿ ಹೇಳ್ಯಾನ್ರಿ. ನಾ ಅಲ್ಲೇ ಇದ್ದೆ."

ಗೈಡ್‌ಗೆ ಫೋನ್ ಮಾಡಿದೆ. "ಹೇಳಿದ್ದರೆ ನೀನು ರಂಪ ಮಾಡ್ತಿದ್ದೆ. ಬೋನು ಉಳೀತಲ್ಲ, ಬಾ," ಎಂದರು. ಬೋನಂತೆ! ಬಿಲಗಳ ಮೇಲೆ ಯಂತ್ರ ಹರಿಯುತ್ತಿದ್ದರೆ ನಿಂತಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ. ಹಿಡಿದ ಜಾಗದಲ್ಲೇ ಬಿಡಬೇಕಂತೆ. ಮಧ್ಯಾಹ್ನದ ಹೊತ್ತಿಗೆ ಜಾಗವೇ ಇರಲಿಲ್ಲ. ಬೋನುಗಳನ್ನು ಆಟೋಗೆ ಹೇರಿಕೊಂಡು ಹೋಗಿ, ಊರಾಚೆಯ ಒಂದು ಕಲ್ಲುಗುಡ್ಡದಲ್ಲಿ ಬಾಗಿಲು ತೆರೆದೆ. ಗೊತ್ತಿಲ್ಲದ ನೆಲ, ಅಲ್ಲಿ ಎಷ್ಟು ಬದುಕಿದವೋ.

ಬೋನುಗಳಲ್ಲಿ ಉಳಿದಿದ್ದ ಹಿಕ್ಕೆಗಳನ್ನು ಪರೀಕ್ಷಿಸಿದೆ. ಒತ್ತಡದ ಹಾರ್ಮೋನು ಇದ್ದೂ ಇಲ್ಲದಷ್ಟು. ಮತ್ತೆ ಮಾಡಿದರೂ ಅದೇ. "ಸ್ಯಾಂಪಲ್ ಕೆಟ್ಟಿದೆ, ಬಿಸಾಕು," ಎಂದರು ಅದೇ ಗೈಡ್.

ಯಾರೋ ತಮಾಷೆ ಮಾಡಿರಬೇಕು ಎನ್ನುತ್ತೀರಿ. ಇರಬಹುದು. ಅಷ್ಟೊಂದು ಇಲಿಗಳನ್ನು ಹೆದರಿಸದೆ ಹಿಡಿದು ತುಂಬಿ, ನನ್ನದೇ ಗಂಟು ಹಾಕಬಲ್ಲವರನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಎಲ್ಲ ಗೊತ್ತಿದ್ದ ಮನುಷ್ಯ ನನಗೆ ಒಂದು ಮಾತು ಹೇಳಲಿಲ್ಲ. ಆ ಇಲಿಗಳಿಗೆ ಯಾರು ಹೇಳಿದರು?